ಪ್ರಸ್ತಾರ ಹಾಕಿ ಅಜಿಕಾನ್ ಹಾಡಿದೆ

ಕಳೆದ ತಿಂಗಳು ಯೊಕೊಹಾಮಾದಲ್ಲಿ ಬ್ಯಾಂಡುಗಳು ನುಡಿಸುವ ಒಂದು ಪುಟ್ಟ ಲೈವ್ ಹೌಸ್‌ನಲ್ಲಿ ಬೇರೆಯವರ ಹಾಡು ನುಡಿಸುವ ನಮ್ಮ ಕಾಪಿ ಬ್ಯಾಂಡ್ ಐದು ಹಾಡು ನುಡಿಸಿತು. ಐದೂ ಜಪಾನಿನ ರಾಕ್ ಬ್ಯಾಂಡ್ ಏಷ್ಯನ್ ಕುಂಗ್-ಫೂ ಜನರೇಷನ್‌ ಹಾಡುಗಳು. ಐದನ್ನೂ ನಾನೇ ಗಿಟಾರ್ ನುಡಿಸುತ್ತಾ ಹಾಡಿದೆ. ಮುಂದೆ ಕಾಗದ ಇರಲಿಲ್ಲ, ಒಂದು ಸಾಲೂ ತಪ್ಪಲಿಲ್ಲ. ಎರಡು ವರ್ಷದ ಹಿಂದೆ ಇದೇ ಬ್ಯಾಂಡಿನವರು, 'ನೀನು ಗಿಟಾರ್ ನೋಡ್ಕೋ, ಹಾಡೋಕೆ ಬೇರೆ ಯಾರನ್ನಾದರೂ ಹುಡುಕೋಣ' ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನವರು ಈ ಬ್ಯಾಂಡನ್ನು ಅಜಿಕಾನ್ ಅಂತಾರೆ. ಹುಟ್ಟಿದ್ದು ಯೊಕೊಹಾಮಾದಲ್ಲೇ. 1996ರಲ್ಲಿ ಕಾಂತೊ ಗಾಕುಇನ್ ವಿಶ್ವವಿದ್ಯಾಲಯದ ಸಂಗೀತ ಕ್ಲಬ್‌ನಲ್ಲಿ ಕೂಡಿಕೊಂಡ ಹುಡುಗರು. ಗೊಟೊ ಹಾಡುತ್ತಾ ಗಿಟಾರ್ ನುಡಿಸುತ್ತಾರೆ, ಎರಡನೇ ಗಿಟಾರ್ ಕಿತಾ ಅವರದು. ಪವರ್ ಕಾರ್ಡ್ (ಎರಡು-ಮೂರು ತಂತಿ ಒಟ್ಟಿಗೆ ಮೀಟುವುದು), ಆಕ್ಟೇವ್ (ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಮೀಟುವುದು) ಬರುವವರಿಗೆ ಗಿಟಾರ್ ಭಾಗ ಎರಡು ವಾರದ ಕೆಲಸ. ಕಷ್ಟ ಇರುವುದು ಬಲಗೈ ನಿಲ್ಲಿಸದೆ ಸಾಲು ಹಾಡುವುದರಲ್ಲಿ. ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರ ಬಂದು ಬೀಳುತ್ತಲೇ ಇರುತ್ತದೆ.

ಮೊದಲು ಎಲ್ಲರ ಹಾಗೆ ರೋಮನ್ ಅಕ್ಷರದಲ್ಲಿ ಬರೆದುಕೊಂಡೆ. ಆರು ತಿಂಗಳು ಹಾಳಾಯಿತು. ಒಬ್ಬರೇ ಅಭ್ಯಾಸ ಮಾಡುವ ಸ್ಟುಡಿಯೋ ಕೋಣೆಗೆ ಗಂಟೆಗೆ 700 ಯೆನ್ ಆಸುಪಾಸು. ವಾರಕ್ಕೆ ಎರಡು ಗಂಟೆ ಹಿಡಿದರೂ ಲೆಕ್ಕ ಹಾಕಿ. ಎಲ್ಲ ವಾದ್ಯಗಳ ಸ್ವರಲಿಪಿ ಇರುವ ಬ್ಯಾಂಡ್ ಸ್ಕೋರ್ ಪುಸ್ತಕಕ್ಕೆ 3,000 ಯೆನ್ ಬೇರೆ. ಇಷ್ಟೆಲ್ಲ ಆದಮೇಲೂ ಒಂದು ಹಾಡಿನ ಹೆಸರೇ ನನ್ನ ಬಾಯಲ್ಲಿ ಬರುತ್ತಿದ್ದದ್ದು 'ಹಾರುಕಾ ಕಾನಾಟಾ'. ರೋಮನ್ ನೋಡಿದರೆ ಎಲ್ಲಿ ಎಳೆಯಬೇಕು, ಎಲ್ಲಿ ಎಳೆಯಬಾರದು ಅಂತ ಕಣ್ಣಿಗೆ ಕಾಣುವುದೇ ಇಲ್ಲ.

ಒಂದು ದಿನ ಸುಮ್ನೆ ಕನ್ನಡದಲ್ಲಿ ಬರೆದೆ: ಹರುಕ ಕನತ. ಆರೂ ಲಘು! ತಕ್ಷಣ ಹೈಸ್ಕೂಲು ನೆನಪಾಯಿತು. ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದೆವಲ್ಲ, ಅದೇ. ಜಪಾನಿ ಭಾಷೆಯೂ ಮಾತ್ರೆ ಲೆಕ್ಕದಲ್ಲೇ ನಡೆಯುತ್ತದೆ. ಶಾಲೆಗೆ ಅವರು ಗಕ್ಕೋ ಅಂತಾರೆ. ಅವರ ಎಣಿಕೆಯಲ್ಲಿ ನಾಲ್ಕು ಮಾತ್ರೆ, ನಮ್ಮ ಎಣಿಕೆಯಲ್ಲೂ ಗುರು ಗುರು, ನಾಲ್ಕೇ. ಪತ್ರಿಕೆಗೆ ಶಿಂಬುನ್. ಅದೂ ನಾಲ್ಕು. ಒತ್ತು, ಸೊನ್ನೆ, ದೀರ್ಘ ಮೂರೂ ನಮ್ಮ ಲಿಪಿಯಲ್ಲೇ ಇವೆ. ಮೇಲೆ ಲಘು-ಗುರು ಗುರುತು ಹಾಕಿ, ಡ್ರಮ್ಸ್‌ನ ಹೈ-ಹ್ಯಾಟ್ (ಜೋಡಿ ತಟ್ಟೆ) ಪೆಟ್ಟು ಎಣಿಸಿಕೊಂಡು ಒಂದೊಂದು ಮಾತ್ರೆಯನ್ನು ಅದರ ಕೆಳಗೆ ಕೂರಿಸಿದೆ. ಎರಡನೇ ಗಿಟಾರಿಗೆ ಬರುವ ಹುಬ್ಬಳ್ಳಿಯ ಗೆಳೆಯ ಕಾಗದ ನೋಡಿ, 'ಏನಪಾ ಇದು, ಕನ್ನಡ ಪರೀಕ್ಷೆ ಬರಿಯಾಕ ಹೊಂಟೀ ಏನು?' ಅಂದ. ಬೇಸ್ ಗಿಟಾರ್ ನುಡಿಸುವ ಆಫೀಸಿನ ಹಿರಿಯರು ಏನೂ ಹೇಳಲಿಲ್ಲ, ತಲೆ ಅಲ್ಲಾಡಿಸಿದರು.

ಅವರ ಅನುಮಾನಕ್ಕೆ ಕಾರಣವೂ ಇತ್ತು. ಮೊದಲ ತಿಂಗಳು ಸಾಲುಗಳು ಮಧ್ಯೆ ಮಧ್ಯೆ ಜಾರುತ್ತಿದ್ದವು. ಎಲ್ಲಿ ಅಂತ ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಸಿಕ್ಕಿದ್ದು 'ನತ್ಸು' ಅನ್ನುವ ಪದದಲ್ಲಿ. ಬೇಸಿಗೆ ಅಂತ ಅರ್ಥ, ಅವರಿಗೆ ಎರಡೇ ಮಾತ್ರೆ. ಒತ್ತಕ್ಷರದ ಹಿಂದಿನದು ಗುರು ಅನ್ನುವ ನಮ್ಮ ನಿಯಮ ಹಾಕಿದರೆ ಮೂರಾಗುತ್ತದೆ. 'ತ್ಸು' ನಮಗೆ ಒತ್ತಕ್ಷರ, ಅವರಿಗೆ ಒಂದೇ ಅಕ್ಷರ. ಕ್ಯ, ರ್ಯ, ಹ್ಯ ಕೂಡ ಅವರಿಗೆ ಒಂದೊಂದೇ ಮಾತ್ರೆ. ಈಗ ಅಂಥ ಒತ್ತಿನ ಕೆಳಗೆ ಕೆಂಪು ಚುಕ್ಕಿ ಇಡುತ್ತೇನೆ. ಚುಕ್ಕಿ ಇದ್ದರೆ ಹಿಂದಿನದು ಲಘು.

ಇನ್ನೊಂದು ತಪ್ಪು ಬಾಯಿಯದು. ನಮ್ಮ 'ಅ' ಮುಚ್ಚಿದ ದನಿ. ಅವರದು ಬಾಯಿ 'ಆ'ಗೆ ತೆರೆದು, ಉದ್ದ ಮಾತ್ರ 'ಅ'ದಷ್ಟೇ. ಇದು ಕೈಗೆ ಹತ್ತಲು ಸ್ಟುಡಿಯೋಕ್ಕಿಂತ ಕಡಲ ದಂಡೆಯ ಎನೊದೆನ್ ಲೋಕಲ್ ರೈಲು ಜಾಸ್ತಿ ಸಹಾಯ ಮಾಡಿತು. ಫುಜಿಸವದಿಂದ ಕಾಮಕುರಕ್ಕೆ 10 ಕಿಲೋಮೀಟರ್, 15 ನಿಲ್ದಾಣ. ಅಜಿಕಾನ್ ಅವರ 2008ರ 'ಸರ್ಫ್ ಬುಂಗಾಕು ಕಾಮಕುರ' ಆಲ್ಬಮ್‌ನ ಹತ್ತೂ ಹಾಡಿನ ಹೆಸರು ಈ ನಿಲ್ದಾಣಗಳ ಮೇಲೇ ಇದೆ. 2023ರಲ್ಲಿ ಉಳಿದ ಐದೂ ಸೇರಿ ಹದಿನೈದಾಯಿತು. 800 ಯೆನ್ ಕೊಟ್ಟು ದಿನದ ಪಾಸ್ ತಗೊಂಡು, ಪ್ರತಿ ನಿಲ್ದಾಣದಲ್ಲೂ ಮೈಕಿನ ಜೊತೆಗೇ ಹೆಸರು ಹೇಳುತ್ತಾ ಹೋದೆ. ಇನಮುರಗಸಕಿ. ಏಳು ಲಘು, ಎಲ್ಲೂ ಎಳೆತವಿಲ್ಲ. ಹೊರಗೆ ಸಮುದ್ರ. ನಾಲ್ಕು ಭಾನುವಾರ ಹೋಗಿದ್ದೆ ಅನಿಸುತ್ತೆ.

ಹೊಸಬರಿಗೆ ನಾನು ಹೇಳುವ ಕ್ರಮ ಇದು. ಮೊದಲು 'ಸೊರನಿನ್'. ಇನಿಯೊ ಅಸಾನೊ ಅವರ ಮಾಂಗಾ ಕಾಮಿಕ್ಸ್‌ನಲ್ಲೇ ಇದರ ಸಾಹಿತ್ಯ ಇತ್ತು, 2010ರ ಸಿನಿಮಾಗಾಗಿ ಬ್ಯಾಂಡ್ ಅದಕ್ಕೆ ರಾಗ ಹಾಕಿತು. ಕಥೆಯಲ್ಲಿ ಗಿಟಾರಿಗೆ ಹೊಸಬಳಾದ ಹುಡುಗಿ ಹಾಡುವ ಹಾಡು, ನಮಗೂ ಅದೇ ಸರಿ. ಆಮೇಲೆ 2004ರ 'ಕಿಮಿ ನೊ ಮಚಿ ಮದೆ'. ಹೆಸರಲ್ಲೇ ಏಳು ಲಘು. ಮೂರನೆಯದು 'ಕಿಮಿ ತೊ ಇಉ ಹನ'. ಕಾಲಲ್ಲಿ ಹೊಡೆಯುವ ಬೇಸ್ ಡ್ರಮ್ ಪ್ರತಿ ಎಣಿಕೆಗೂ ಬೀಳುವುದರಿಂದ ಸಾಲು ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ನಾಲ್ಕನೆಯದು 'ರಿರೈಟ್'. 'ಫುಲ್‌ಮೆಟಲ್ ಆಲ್ಕೆಮಿಸ್ಟ್' ಅನಿಮೆ (ಜಪಾನಿ ಕಾರ್ಟೂನ್) ನೋಡಿದವರಿಗೆಲ್ಲ ಗೊತ್ತು, ಎಲ್ಲರೂ ಇದರಿಂದಲೇ ಶುರು ಮಾಡಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಬೇಡ. ಇಂಗ್ಲಿಷ್ ಪದ ಅಂತಲೂ ಮೋಸ ಹೋಗಬೇಡಿ, ಅವರ ಬಾಯಲ್ಲಿ ಅದು ರಿ-ರ-ಇ-ತೊ, ನಾಲ್ಕು. ಕೊನೆಗೆ 'ಹರುಕ ಕನತ'. 2002ರ ಇಪಿಯದು (ಕೆಲವೇ ಹಾಡುಗಳ ಸಣ್ಣ ಆಲ್ಬಮ್), 'ನರುಟೊ' ಅನಿಮೆಯಿಂದ ಊರೆಲ್ಲ ಹಬ್ಬಿದ ಹಾಡು. ಬೇಸ್ ಶುರುವಾದ ಮೇಲೆ ಉಸಿರಿಗೆ ಜಾಗವೇ ಇಲ್ಲ. ಎಲ್ಲಿ ಉಸಿರು ಕದಿಯುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎಂಟು ತಿಂಗಳು ಹಿಡಿಯಿತು.

ಮಧ್ಯೆ ಒಂದು ಪ್ರಯೋಗ. ಕುಮಾರವ್ಯಾಸನ ಭಾಮಿನಿಯನ್ನು 'ಕಿಮಿ ತೊ ಇಉ ಹನ'ದ ಬೀಟ್ ಮೇಲೆ ಹಾಡಿ ನೋಡಿದೆ. ಮೂರು-ನಾಲ್ಕು, ಮೂರು-ನಾಲ್ಕು. ಎಂಟು ಎಣಿಕೆಯ ಒಂದು ಆವರ್ತ, ಅಂದರೆ ಬಾರ್‌ಗೆ ಏಳು ಮಾತ್ರೆ ಹಾಡಿ ಒಂದು ಬಿಡಬೇಕು. ಆ ಬಿಟ್ಟ ಜಾಗದಲ್ಲಿ ಆಕ್ಟೇವ್ ಮೀಟಿದರೆ ಎಷ್ಟು ಚೆನ್ನಾಗಿ ಕೂರುತ್ತದೆ ಗೊತ್ತಾ! ಹುಬ್ಬಳ್ಳಿಯ ಗೆಳೆಯ ಅವತ್ತಿನಿಂದ ಪರೀಕ್ಷೆಯ ಮಾತು ಎತ್ತಿಲ್ಲ.

ಲೈವ್ ಹೌಸ್ ನಮ್ಮ ತಲೆಗೆ 12 ಟಿಕೆಟ್ ಕಟ್ಟಿತ್ತು, ತಲಾ 2,000 ಯೆನ್. ಮಾರಿದ್ದು ಏಳು. ಉಳಿದ 10,000 ಯೆನ್ ಕೈಯಿಂದ ಹೋಯಿತು. ಟೋಕಿಯೋದ ಒಚಾನೊಮಿಜುವಿನ ಸೆಕೆಂಡ್ ಹ್ಯಾಂಡ್ ಗಿಟಾರ್ 40,000, ಸ್ಟುಡಿಯೋ ಎಲ್ಲ ಸೇರಿ ಇನ್ನೊಂದು ಲಕ್ಷ ಯೆನ್ ಮೇಲೇ ಆಗಿರಬೇಕು. ಹಾಡು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಬಂದು, ಜಪಾನಿನಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅಂತ ಕೇಳಿದ. ಮೂರು ಅಂದೆ. ಹತ್ತು ಅಂದುಕೊಂಡಿದ್ದನಂತೆ.

ಈಗ 'ರಿ:ರಿ:' ಅನ್ನುವ ಹಾಡು ಹಿಡಿದಿದ್ದೇನೆ. ಅದು ಇರುವ 2004ರ 'ಸೋಲ್‌ಫಾ' ಆಲ್ಬಮ್ಮನ್ನು ಬ್ಯಾಂಡ್ 2016ರಲ್ಲಿ ಪೂರ್ತಿ ಮತ್ತೆ ರೆಕಾರ್ಡ್ ಮಾಡಿತಲ್ಲ, ಎರಡನ್ನೂ ಒಂದೊಂದು ಕಿವಿಗೆ ಹಾಕಿ ಕೇಳುತ್ತಾ ಗೊಟೊ ಎಲ್ಲಿ ಅಕ್ಷರ ಹಿಂದೆ ಮುಂದೆ ಮಾಡಿದ್ದಾರೆ ಅಂತ ಗುರುತು ಹಾಕುತ್ತಿದ್ದೇನೆ. ಮೊದಲ ಚರಣ ಮುಗಿದಿದೆ. ಬೇಸ್ ನುಡಿಸುವ ಹಿರಿಯರು ಮೊನ್ನೆ ಆ ಕಾಗದದ ಫೋಟೋ ತೆಗೆದುಕೊಂಡು ಹೋದರು. ಕೆಂಪು ಚುಕ್ಕಿ ಯಾಕೆ ಅಂತ ಎರಡು ಸಲ ಕೇಳಿದರು.