ಹೊಸ ಸ್ನೋಮೊಬೈಲ್ ಎಳೆಯುತ್ತಿಲ್ಲವೇ? ಎಂಜಿನ್ ಬಿಚ್ಚುವ ಮೊದಲು ಬೆಲ್ಟ್ ನೋಡಿ

ಹೊಸ 850 ಸಿಸಿ ಟೂ-ಸ್ಟ್ರೋಕ್ ಸ್ನೋಮೊಬೈಲ್, ಅಂದರೆ ಮುಂದೆ ಸ್ಕೀ, ಹಿಂದೆ ಸುತ್ತುವ ರಬ್ಬರ್ ಪಟ್ಟೆ (ಟ್ರ್ಯಾಕ್) ಇರುವ, ಹಿಮದ ಮೇಲೆ ಓಡುವ ಬಂಡಿ. ಕಾಗದದ ಮೇಲೆ 165 ಅಶ್ವಶಕ್ತಿಯ ಆಸುಪಾಸು. ಹಿಮದ ದಾರಿಗೆ ಇಳಿಸಿದರೆ ಪಿಕಪ್ ಇಲ್ಲ, ಸುಟ್ಟ ರಬ್ಬರಿನ ವಾಸನೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿಸಿಯಾಗಿದೆಯೆಂದು ಎಚ್ಚರಿಸುವ ದೀಪ. ಮಿನೆಸೋಟ, ಮಿಷಿಗನ್, ಒಂಟಾರಿಯೊ ಕಡೆ ನೆಲೆಸಿ ಚಳಿಗಾಲದಲ್ಲಿ ಈ ಯಂತ್ರ ಏರುವ ನಮ್ಮವರು ಇಂಥ ಹೊತ್ತಿನಲ್ಲಿ ಮೊದಲು ಅನುಮಾನಿಸುವುದು ಎಂಜಿನ್ನನ್ನು. ಅದು ತಪ್ಪು ದಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಯಂತ್ರದಲ್ಲಿ ತೊಂದರೆ ಇರುವುದು ಹೆಚ್ಚಾಗಿ ಎಂಜಿನ್ ಮತ್ತು ಹಿಮದ ನಡುವೆ: ಬೆಲ್ಟ್, ಎರಡು ಕ್ಲಚ್, ಟ್ರ್ಯಾಕ್. ಹುಡುಕಾಟ ಅಲ್ಲಿಂದ ಶುರುವಾದರೆ ಸಮಯವೂ ಉಳಿಯುತ್ತದೆ, ವಾರಂಟಿಯೂ ಉಳಿಯುತ್ತದೆ.

ಮೊದಲು ಒಳಗಿನ ವ್ಯವಸ್ಥೆ ತಿಳಿದಿರಲಿ. ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿ ಪ್ರೈಮರಿ ಕ್ಲಚ್ ಇದೆ. ಎಂಜಿನ್ ವೇಗ ಏರಿದಂತೆ ಅದರೊಳಗಿನ ತೂಕದ ತುಂಡುಗಳು ಹೊರಕ್ಕೆ ಚಾಚಿ ಎರಡು ತಟ್ಟೆಗಳನ್ನು ಹತ್ತಿರಕ್ಕೆ ತಳ್ಳುತ್ತವೆ, ನಡುವಿನ ಬೆಲ್ಟ್ ಅಂಚಿನತ್ತ ಏರುತ್ತದೆ. ಆಚೆ ಬದಿಯ ಸೆಕೆಂಡರಿ ಕ್ಲಚ್‌ನ ತಟ್ಟೆಗಳು ಅಷ್ಟೇ ಅಗಲವಾಗಿ ಬೆಲ್ಟನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಅಲ್ಲಿಂದ ಚೈನ್‌ಕೇಸ್, ಅಂದರೆ ಚೈನ್ ಇರುವ ಪೆಟ್ಟಿಗೆಯ ಮೂಲಕ ಶಕ್ತಿ ಟ್ರ್ಯಾಕಿಗೆ ಹೋಗುತ್ತದೆ. ಕೆಲವು ಮಾದರಿಗಳಲ್ಲಿ ಚೈನಿನ ಬದಲು ಹಲ್ಲಿನ ಬೆಲ್ಟ್ ಇರುತ್ತದೆ. ಊರಿನ ಗೇರ್‌ಲೆಸ್ ಸ್ಕೂಟರಿನಲ್ಲಿರುವುದೂ ಇದೇ ತತ್ತ್ವ. ಆದರೆ ಸ್ಕೂಟರಿನ ಬೆಲ್ಟ್ ಹೊರುವುದು ಸುಮಾರು 8 ಅಶ್ವಶಕ್ತಿ. ಇಲ್ಲಿಯದು ಅದರ 20 ಪಟ್ಟು. ಆ ಬೆಲ್ಟಿಗೆ ಸಣ್ಣ ಅಸಡ್ಡೆಯೂ ದೊಡ್ಡ ಪೆಟ್ಟು.

ಸ್ಪ್ಯಾನರ್ ಹಿಡಿಯುವ ಮೊದಲು

ಯಂತ್ರ ಕಾರ್ಖಾನೆಯಿಂದ ಪೂರ್ತಿ ಜೋಡಿಸಿಕೊಂಡು ಬರುವುದಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದಕ್ಕೆ ಸ್ಕೀ ಮುಂತಾದ ಭಾಗಗಳನ್ನು ಡೀಲರ್ ಅಂಗಡಿಯಲ್ಲಿ ಕೂರಿಸಿ, ದ್ರವಗಳ ಮಟ್ಟ ನೋಡಿ ಕೊಡುತ್ತಾರೆ. ಹಾಗಾಗಿ ಸ್ಕೀ ಬೋಲ್ಟ್, ಹ್ಯಾಂಡಲ್, ಕೂಲೆಂಟ್ ಮಟ್ಟ, ಚೈನ್‌ಕೇಸ್ ಎಣ್ಣೆ, ಟೂ-ಸ್ಟ್ರೋಕ್ ಎಣ್ಣೆ, ಬ್ರೇಕ್ ದ್ರವ ಇವನ್ನು ನೀವೇ ಒಮ್ಮೆ ನೋಡಿ. ಡೀಲರ್ ಮೇಲೆ ಅನುಮಾನ ಪಡಬೇಕೆಂದಲ್ಲ. ಓಡಾಟದ ನಡುಕಕ್ಕೆ ಹೊಸ ಬೋಲ್ಟ್‌ಗಳು ಸಡಿಲವಾಗುವುದು ಸಹಜ.

ಎಂಜಿನ್ ಸ್ಟಾರ್ಟೇ ಆಗದಿದ್ದರೆ ಟೆದರ್ ಹಗ್ಗ (ಸವಾರ ಬಿದ್ದರೆ ಕಳಚಿ ಎಂಜಿನ್ ನಿಲ್ಲಿಸುವ ಹಗ್ಗ) ಸರಿಯಾಗಿ ಕೂತಿದೆಯೇ, ಕೆಂಪು ಕಿಲ್ ಸ್ವಿಚ್ ಒತ್ತಿಹೋಗಿದೆಯೇ ನೋಡಿ. ಡಿಸ್‌ಪ್ಲೇಯಲ್ಲಿ ದೋಷದ ಕೋಡ್ ಇದ್ದರೆ ಫೋಟೊ ತೆಗೆದುಕೊಳ್ಳಿ. ಕಂಪ್ಯೂಟರ್ ಅಪಾಯ ಕಂಡಾಗ ಆರ್‌ಪಿಎಂ ಅನ್ನು ತಾನೇ ಕಟ್ಟಿಹಾಕುತ್ತದೆ. ಆಗ ಯಂತ್ರ ಕುಂಟುತ್ತದೆ, ಎಷ್ಟು ರೇಸ್ ಕೊಟ್ಟರೂ ಏರದು. ಕೋಡ್ ಬರೆದಿಟ್ಟುಕೊಳ್ಳದೆ ಆಫ್ ಮಾಡಿ ಆನ್ ಮಾಡಿದರೆ ಒಂದು ಒಳ್ಳೆಯ ಸುಳಿವು ಕಳೆದುಹೋಗಬಹುದು.

ಇನ್ನೊಂದು ಮಾತು. ಕೆಲವು ಟೂ-ಸ್ಟ್ರೋಕ್ ಮಾದರಿಗಳಲ್ಲಿ ಮೊದಲ 10 ಗಂಟೆಗಳ ಆಸುಪಾಸು ಪಳಗುವ ಅವಧಿ. ಆ ಹೊತ್ತಿನಲ್ಲಿ ಕಂಪ್ಯೂಟರ್ ಹೆಚ್ಚು ಎಣ್ಣೆ ಕೊಡುತ್ತದೆ, ಶಕ್ತಿಯನ್ನೂ ಸ್ವಲ್ಪ ಹಿಡಿದಿಡಬಹುದು. ಕೈಪಿಡಿಯಲ್ಲಿ ಆ ಪುಟ ಓದಿ. ಹೊಗೆ ಜಾಸ್ತಿ, ಎಳೆತ ಕಡಿಮೆ ಎಂಬ ಎರಡೂ ದೂರುಗಳಿಗೆ ಉತ್ತರ ಅಲ್ಲೇ ಸಿಗಬಹುದು.

ಆರ್‌ಪಿಎಂ ಬರೆದಿಟ್ಟುಕೊಳ್ಳಿ

ಪಳಗುವ ಅವಧಿ ಮುಗಿದ ಮೇಲೆ, ಎಂಜಿನ್ ಚೆನ್ನಾಗಿ ಬೆಚ್ಚಗಾಗಿರುವಾಗ, ಸುರಕ್ಷಿತವಾದ, ನೇರವಾದ, ಕಣ್ಣಿಗೆ ಪೂರ್ತಿ ಕಾಣುವ ಜಾಗದಲ್ಲಿ ಕೆಲವು ಸೆಕೆಂಡ್ ಪೂರ್ತಿ ಥ್ರಾಟಲ್ ಕೊಡಿ. ಮೀಟರಿನಲ್ಲಿ ಆರ್‌ಪಿಎಂ ಎಲ್ಲಿ ನಿಂತಿತು, ವೇಗ ಎಷ್ಟಿತ್ತು ಎಂಬುದನ್ನು ನೋಡಿ. ಎದೆಗೆ ಕಟ್ಟಿದ ಕ್ಯಾಮೆರಾ ಇದ್ದರೆ ಅದಕ್ಕೇ ಬಿಡಿ, ಕಣ್ಣು ದಾರಿಯ ಮೇಲಿರಲಿ. 850 ಸಿಸಿ ಟೂ-ಸ್ಟ್ರೋಕ್‌ಗಳು ಹೆಚ್ಚು ಶಕ್ತಿ ಕೊಡುವುದು 8000ದ ಆಚೀಚೆ. ನಿಮ್ಮ ಮಾದರಿಯ ಸರಿಯಾದ ಅಂಕಿ ಕೈಪಿಡಿಯಲ್ಲೋ ಡೀಲರ್ ಬಳಿಯೋ ಸಿಗುತ್ತದೆ. ಈ ಒಂದು ಪರೀಕ್ಷೆ ಅರ್ಧ ರೋಗ ಹೇಳಿಬಿಡುತ್ತದೆ.

ಆರ್‌ಪಿಎಂ ಸರಿಯಿದ್ದು ವೇಗ ಮಾತ್ರ ಬಾರದಿದ್ದರೆ ಎಂಜಿನ್ ತನ್ನ ಕೆಲಸ ಮಾಡುತ್ತಿದೆ, ಶಕ್ತಿ ದಾರಿಯಲ್ಲಿ ಸೋರುತ್ತಿದೆ. ಟ್ರ್ಯಾಕ್ ಬಿಗಿ, ಹಿಡಿದುಕೊಂಡ ಬ್ರೇಕ್, ಹಿಮದಲ್ಲಿ ಟ್ರ್ಯಾಕ್ ಜಾರುವುದು, ಇವನ್ನು ನೋಡಿ. ಆರ್‌ಪಿಎಂ ಮೇಲೇರುತ್ತ ವೇಗ ಇಳಿಯುತ್ತಿದ್ದರೆ ಬೆಲ್ಟ್ ಜಾರುತ್ತಿದೆ. ಆರ್‌ಪಿಎಂ ತಲುಪಬೇಕಾದಲ್ಲಿಗೆ ತಲುಪುತ್ತಲೇ ಇಲ್ಲವೆಂದರೆ ಮಾತ್ರ ಎಂಜಿನ್, ಗಾಳಿ, ಇಂಧನ ಇಲ್ಲವೇ ಕ್ಲಚ್ ತೂಕಗಳತ್ತ ತಿರುಗಿ.

ಎತ್ತರವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಿನೆಸೋಟದ ಬಯಲಿಗೆ ಹೊಂದಿಸಿದ ಯಂತ್ರವನ್ನು ಟ್ರೇಲರ್‌ನಲ್ಲಿ ಹೇರಿಕೊಂಡು 6600 ಅಡಿಗೂ ಎತ್ತರದ ಮೊಂಟಾನಾದ ವೆಸ್ಟ್ ಯೆಲ್ಲೊಸ್ಟೋನ್‌ಗೆ ಒಯ್ದರೆ ಆರ್‌ಪಿಎಂ ಬೀಳುವುದು ದೋಷವಲ್ಲ. ಅಲ್ಲಿಗೆ ಹಗುರ ತೂಕಗಳು, ಬೇರೆ ಹೊಂದಾಣಿಕೆ ಬೇಕು. ವಾಪಸ್ ಬಂದ ಮೇಲೆ ಮತ್ತೆ ಹಳೆಯದಕ್ಕೆ ತರಬೇಕು, ಇಲ್ಲದಿದ್ದರೆ ಬಯಲಿನಲ್ಲಿ ಎಂಜಿನ್ ಮಿತಿಮೀರಿ ಸುತ್ತುತ್ತದೆ.

ಬೆಲ್ಟ್

ಎಂಜಿನ್ ಆಫ್ ಮಾಡಿ, ಟೆದರ್ ತೆಗೆದು, ನಂತರವೇ ಬೆಲ್ಟ್ ಗಾರ್ಡ್ ಬಿಚ್ಚಿ. ಗಾರ್ಡ್ ಇಲ್ಲದೆ ಎಂಜಿನ್ ಓಡಿಸುವ ಚಾಳಿ ಬೇಡವೇ ಬೇಡ. ತುಂಡಾದ ಬೆಲ್ಟ್ ಕೈಕಾಲು ಮುರಿಯುವಷ್ಟು ರಭಸದಿಂದ ಹೊರಬರುತ್ತದೆ.

ಬೆಲ್ಟನ್ನು ಕೈಯಲ್ಲಿ ಹಿಡಿದು ಸುತ್ತಲೂ ತಿರುಗಿಸಿ ನೋಡಿ. ಅದರ ಮೈಮೇಲೆಯೇ ಕಾರಣ ಬರೆದಿರುತ್ತದೆ. ಎರಡೂ ಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಜಾರಿ ಬಿಸಿಯಾಗಿದೆ. ಒಂದೇ ಜಾಗದಲ್ಲಿ ಸವೆದು ಸೊಂಟದಂತಾಗಿದ್ದರೆ, ಬೆಳಿಗ್ಗೆ ನೆಲಕ್ಕೆ ಹೆಪ್ಪುಗಟ್ಟಿಕೊಂಡ ಟ್ರ್ಯಾಕನ್ನು ಬಿಡಿಸದೆ ಥ್ರಾಟಲ್ ಕೊಟ್ಟಿದ್ದಾರೆ: ಪ್ರೈಮರಿ ಸುತ್ತಿತು, ಬೆಲ್ಟ್ ನಿಂತಲ್ಲೇ ಸುಟ್ಟಿತು. ಒಂದು ಅಂಚಿನ ದಾರ ಮಾತ್ರ ಎದ್ದಿದ್ದರೆ ಎರಡು ಕ್ಲಚ್‌ಗಳು ಒಂದೇ ಗೆರೆಯಲ್ಲಿಲ್ಲ. ಒಳಗಿನ ಹಲ್ಲುಗಳು ಕಿತ್ತುಬಂದಿದ್ದರೆ ವಿಪರೀತ ಶಾಖವೋ ಒಮ್ಮೆಲೇ ಬಿದ್ದ ಭಾರವೋ ಕಾರಣ. ಹೊಸ ಯಂತ್ರದಲ್ಲಿ ಒಂದರ ಹಿಂದೆ ಒಂದು ಬೆಲ್ಟ್ ಹೋಗುತ್ತಿದೆಯೆಂದರೆ ಬೆಲ್ಟ್ ಕಂಪನಿಯನ್ನು ಬಯ್ಯುವ ಮೊದಲು ಈ ಗುರುತುಗಳನ್ನು ಓದಿ.

ಹೊಸ ಬೆಲ್ಟ್ ಹಾಕುವಾಗ ಸಾಬೂನು ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ತಯಾರಿಕೆಯ ಕಾಲದ ಅಂಟು ಹೋಗಬೇಕು. ಕ್ಲಚ್ ತಟ್ಟೆಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಮೊದಲ 50 ಕಿ.ಮೀ.ನಷ್ಟು ಪೂರ್ತಿ ಥ್ರಾಟಲ್ ಬೇಡ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವುದೂ ಬೇಡ. ಹಳೆಯ ಬೆಲ್ಟ್ ತುಂಡಾಗಿದ್ದರೆ ಅದರ ದಾರಗಳು ಸೆಕೆಂಡರಿಯ ಹಿಂದೆ, ಬೇರಿಂಗಿನ ಬಳಿ ಸುತ್ತಿಕೊಂಡಿರುತ್ತವೆ. ಅವನ್ನು ಒಂದೂ ಬಿಡದೆ ತೆಗೆಯಿರಿ, ಇಲ್ಲದಿದ್ದರೆ ಸೀಲ್ ಹಾಳಾಗುತ್ತದೆ.

ಬೆಲ್ಟಿನ ಎತ್ತರ ಇನ್ನೊಂದು ಸೂಕ್ಷ್ಮ. ಯಂತ್ರ ನಿಂತಿರುವಾಗ ಸೆಕೆಂಡರಿಯಲ್ಲಿ ಬೆಲ್ಟ್ ತಟ್ಟೆಯ ಅಂಚಿಗೆ ಸಮವಾಗಿ ಅಥವಾ ತುಸು ಮೇಲೆ ಕೂತಿರಬೇಕು. ಐಡಲ್‌ನಲ್ಲೇ ಯಂತ್ರ ಮುಂದಕ್ಕೆ ಜರುಗುತ್ತಿದ್ದರೆ ಬೆಲ್ಟ್ ಬಿಗಿ. ಹೊರಡುವಾಗ ಎಂಜಿನ್ ಅದುಮಿದಂತಾಗಿ ಆಮೇಲೆ ಜಗ್ಗಿಕೊಂಡು ಹೋದರೆ ಸಡಿಲ. ಹೊಂದಾಣಿಕೆಯ ಸ್ಕ್ರೂ ಸೆಕೆಂಡರಿಯಲ್ಲೇ ಇರುತ್ತದೆ. ಅದನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಕ್ಲಚ್ ಕೈಯಲ್ಲಿ ಕೆಲವು ಸುತ್ತು ಸುತ್ತಿಸಿ ಬೆಲ್ಟ್ ಕೂರಲು ಬಿಟ್ಟು ಮತ್ತೆ ನೋಡಿ.

ಕ್ಲಚ್ ಬಿಸಿಯ ಪರೀಕ್ಷೆ

ಒಂದಷ್ಟು ದೂರ ಜೋರಾಗಿ ಓಡಿಸಿ ನಿಲ್ಲಿಸಿ, ಟೆದರ್ ತೆಗೆದು ಗಾರ್ಡ್ ಬಿಚ್ಚಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಎರಡೂ ಕ್ಲಚ್‌ಗಳ ಶಾಖ ಅಳೆಯಿರಿ. ಇಲ್ಲವಾದರೆ ಅಂಗೈಯನ್ನು ಹತ್ತಿರ ಹಿಡಿದು ನೋಡಿ, ನಂತರ ಬೆರಳ ತುದಿ ತಾಗಿಸಿ. ಮೈನಸ್ ಚಳಿಯಲ್ಲೂ ಮುಟ್ಟಲಾಗದಷ್ಟು ಕಾದಿದ್ದರೆ ಬೆಲ್ಟ್ ಜಾರುತ್ತಿರುವುದು ಆ ಕಡೆಯೇ. ಪ್ರೈಮರಿ ಮಾತ್ರ ಕಾದಿದ್ದರೆ ಅದರ ಹಿಡಿತ ಸಾಲದು: ತೂಕ, ಸ್ಪ್ರಿಂಗ್, ತಟ್ಟೆಗಳ ಕೊಳೆ ನೋಡಬೇಕು. ಸೆಕೆಂಡರಿ ಕಾದಿದ್ದರೆ ಅದರ ಸ್ಪ್ರಿಂಗ್ ಮತ್ತು ಹೆಲಿಕ್ಸ್ (ತಟ್ಟೆಗಳ ಚಲನೆ ನಿಯಂತ್ರಿಸುವ ಓರೆ ಮೈಯ ತುಂಡು) ಅನುಮಾನಕ್ಕೆ ಬರುತ್ತವೆ. ಎರಡೂ ಕಾದಿದ್ದರೆ ಗಾಳಿಯ ಕಿಂಡಿಗಳು ಹಿಮದಿಂದ ಮುಚ್ಚಿಹೋಗಿವೆಯೇ, ಕ್ಲಚ್‌ಗಳ ಗೆರೆ ತಪ್ಪಿದೆಯೇ ನೋಡಿ.

ಇಲ್ಲಿ ತಾಳ್ಮೆ ಬಹಳ ಮುಖ್ಯ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದೇ ಜಾಗದಲ್ಲಿ ಮತ್ತೆ ಓಡಿಸಿ, ಅಂಕಿ ಬರೆದುಕೊಳ್ಳಿ. ಬೆಲ್ಟ್, ಸ್ಪ್ರಿಂಗ್, ತೂಕ ಮೂರನ್ನೂ ಒಂದೇ ಸಂಜೆ ಬದಲಿಸಿದರೆ ಯಾವುದು ಗುಣ ಕೊಟ್ಟಿತೆಂದು ಯಾರೂ ಹೇಳಲಾರರು. ಪ್ರೈಮರಿಯನ್ನು ಬಿಚ್ಚಲು ಅದರದೇ ಪುಲ್ಲರ್ ಬೇಕು. ಸುತ್ತಿಗೆ ತೋರಿಸಿದರೆ ಕ್ರ್ಯಾಂಕ್ ಕೆಡುತ್ತದೆ.

ಟ್ರ್ಯಾಕ್

ಹೊಸ ಟ್ರ್ಯಾಕ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಹಿಗ್ಗುತ್ತದೆ. ಬ್ರೇಕ್ ಹಿಡಿದಾಗ ಅಥವಾ ಥ್ರಾಟಲ್ ಕೊಟ್ಟಾಗ ಕೆಳಗಿನಿಂದ ಟಕಟಕ ಸದ್ದು ಬಂದರೆ ಟ್ರ್ಯಾಕನ್ನು ಎಳೆಯುವ ಚಕ್ರದ ಹಲ್ಲುಗಳು ಟ್ರ್ಯಾಕಿನ ಮೇಲೆ ಜಿಗಿಯುತ್ತಿವೆ, ಅಂದರೆ ಸಡಿಲ. ತೀರ ಬಿಗಿಯಾದರೆ ವೇಗ ಕುಸಿಯುತ್ತದೆ, ಟ್ರ್ಯಾಕ್ ಜಾರಿಕೊಂಡು ಓಡುವ ಹಳಿಯ ಕೆಳಗಿನ ಹೈಫ್ಯಾಕ್ಸ್ ಎಂಬ ಪ್ಲಾಸ್ಟಿಕ್ ಪಟ್ಟಿ ಬೇಗ ಸವೆಯುತ್ತದೆ. ಯಂತ್ರದ ಹಿಂಬದಿ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲಿಟ್ಟು, ಟ್ರ್ಯಾಕಿನ ನಡುವೆ ಕೈಪಿಡಿ ಹೇಳಿದ ತೂಕ ನೇತುಹಾಕಿ ಎಷ್ಟು ಜೋತಿತೆಂದು ಅಳೆಯಿರಿ. ಹಿಂದಿನ ಆಕ್ಸಲ್ ಬೋಲ್ಟ್ ಸಡಿಲಿಸಿ ಎರಡೂ ಬದಿಯ ಸ್ಕ್ರೂಗಳನ್ನು ಸಮವಾಗಿ ತಿರುಗಿಸಿ ಸರಿಮಾಡಬೇಕು.

ಆಮೇಲೆ ಟ್ರ್ಯಾಕ್ ನೆಟ್ಟಗೆ ಓಡುತ್ತಿದೆಯೇ ನೋಡಿ. ಟ್ರ್ಯಾಕಿನ ಒಳಮೈಯ ಗೈಡುಗಳು (ಅದನ್ನು ಹಳಿಯ ಮೇಲೆ ನೆಟ್ಟಗಿಡುವ ಲೋಹದ ತುಂಡುಗಳು) ಯಾವ ಕಡೆಯ ಹಳಿಗೆ ಅಂಟಿಕೊಂಡು ಓಡುತ್ತವೋ ಆ ಕಡೆಯ ಸ್ಕ್ರೂ ಬಿಗಿಮಾಡಿ. ಟ್ರ್ಯಾಕ್ ಗಾಳಿಯಲ್ಲಿ ತಿರುಗುವಾಗ ಹಿಂದೆ ಯಾರೂ ನಿಲ್ಲಬಾರದು, ಮಕ್ಕಳಂತೂ ಆ ಕಡೆ ಸುಳಿಯಲೇಬಾರದು. ಸಿಕ್ಕಿಕೊಂಡ ಕಲ್ಲೋ ಟ್ರ್ಯಾಕಿನಿಂದ ಕಳಚಿದ ಲೋಹದ ಮೊಳೆಯೋ (ಸ್ಟಡ್) ಗುಂಡಿನಂತೆ ಹಾರುತ್ತದೆ. ಇದನ್ನು ಗ್ಯಾರೇಜಿನೊಳಗೆ ಬಾಗಿಲು ಮುಚ್ಚಿಕೊಂಡು ಮಾಡಬೇಡಿ; ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಬಿಸಿ ದೀಪ ಉರಿದರೆ

ಈ ಯಂತ್ರಗಳನ್ನು ಬಹುಮಟ್ಟಿಗೆ ತಣಿಸುವುದು ಹಿಮವೇ. ಟ್ರ್ಯಾಕ್ ಎರಚುವ ಹಿಮ ಸೀಟಿನ ಕೆಳಗಿನ ಟನಲ್‌ನಲ್ಲಿರುವ ಶಾಖ ವಿನಿಮಯಕಕ್ಕೆ ತಾಗಿ ಕೂಲೆಂಟ್ ತಣ್ಣಗಾಗುತ್ತದೆ. ಸೀಸನ್ನಿನ ಆರಂಭದಲ್ಲಿ, ಮಾರ್ಚ್ ಕೊನೆಯಲ್ಲಿ, ಹೆಪ್ಪುಗಟ್ಟಿದ ಕೆರೆಯ ಬರಿ ಮಂಜುಗಡ್ಡೆಯ ಮೇಲೆ ಎರಚಲು ಹಿಮವೇ ಇರುವುದಿಲ್ಲ. ಆಗ ದೀಪ ಉರಿದರೆ ಯಂತ್ರ ಕೆಟ್ಟಿಲ್ಲ. ಮಂಜುಗಡ್ಡೆ ಕೆರೆದು ಹಿಮಪುಡಿ ಎಬ್ಬಿಸುವ ಸ್ಕ್ರ್ಯಾಚರ್ ಕಡ್ಡಿಗಳನ್ನು ಇಳಿಸಿ, ದಾರಿಯಂಚಿನ ಸಡಿಲ ಹಿಮದ ಮೇಲೆ ಓಡಿಸಿ.

ಮೆತ್ತನೆ ಹಿಮದಲ್ಲೂ ಕಾಯುತ್ತಿದ್ದರೆ ನಿಲ್ಲಿಸಿ, ಟನಲ್ ಮುಟ್ಟಿ ನೋಡಿ. ಎಂಜಿನ್ ಕಾದು ಟನಲ್ ತಣ್ಣಗಿದ್ದರೆ ಕೂಲೆಂಟ್ ಅಲ್ಲಿಗೆ ಬರುತ್ತಲೇ ಇಲ್ಲ: ಏರ್ ಲಾಕ್ (ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ) ಅಥವಾ ತೆರೆಯದ ಥರ್ಮೊಸ್ಟಾಟ್. ಹೊಸ ಯಂತ್ರದಲ್ಲಿ ಗಾಳಿ ಉಳಿದಿರುವ ಸಾಧ್ಯತೆ ಹೆಚ್ಚು. ಕೈಪಿಡಿಯ ಕ್ರಮದಂತೆ ಗಾಳಿ ಹೊರಬಿಟ್ಟು ಮಟ್ಟ ತುಂಬಿ. ಬಿಸಿಯಿರುವಾಗ ಮುಚ್ಚಳ ಬಿಚ್ಚಬೇಡಿ.

ಬಿಸಿಯಷ್ಟೇ ಚಳಿಯೂ ಕೆಡಿಸುತ್ತದೆ. ತಣ್ಣನೆಯ ಎಂಜಿನ್ನಿಗೆ ಜೋರು ಕೊಟ್ಟರೆ ಪಿಸ್ಟನ್ ಸಿಲಿಂಡರಿಗಿಂತ ಬೇಗ ಹಿಗ್ಗಿ ಸೀಜ್ ಆಗುತ್ತದೆ. ಕೂಲೆಂಟ್ 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುವವರೆಗೆ ಕಾಯಿರಿ.

ಈಗ ಎಂಜಿನ್

ಮೊದಲು ಪೆಟ್ರೋಲ್. ಶಕ್ತಿಶಾಲಿ ಮಾದರಿಗಳಿಗೆ ಹೆಚ್ಚಾಗಿ 91 ಆಕ್ಟೇನ್ ಬೇಕು. ಮಿನೆಸೋಟದ ಬಂಕ್‌ಗಳಲ್ಲಿ ಅಗ್ಗಕ್ಕೆ ಸಿಗುವ, 15 ಶೇಕಡಾ ಎಥನಾಲ್ ಇರುವ ‘ಅನ್‌ಲೆಡೆಡ್ 88’ ಕಾರಿಗೆ ಸರಿ; ಸ್ನೋಮೊಬೈಲಿಗೆ ಅಮೆರಿಕದ ನಿಯಮದಂತೆ ಅದನ್ನು ಹಾಕುವಂತಿಲ್ಲ. ಕಡಿಮೆ ಆಕ್ಟೇನ್‌ನಿಂದ ಎಂಜಿನ್ ಕುಟ್ಟಿದರೆ ಕಂಪ್ಯೂಟರ್ ಶಕ್ತಿ ಇಳಿಸುತ್ತದೆ, ನೀವು ಕ್ಲಚ್ಚನ್ನು ದೂಷಿಸುತ್ತ ಕೂರುತ್ತೀರಿ. ಪುಡಿ ಹಿಮದಲ್ಲಿ ಉಸಿರುಕಟ್ಟಿದಂತಾದರೆ ಗಾಳಿ ಒಳಬರುವ ಜಾಲರಿ ಕೈಯಿಂದ ಒರೆಸಿ ನೋಡಿ. ಬಹಳ ಸಲ ಅಷ್ಟೇ ಸಾಕು.

ಮಧ್ಯದವರೆಗೆ ಚೆನ್ನಾಗಿ ಎಳೆದು ಮೇಲೆ ಏರದಿದ್ದರೆ ಎಕ್ಸಾಸ್ಟ್ ಪವರ್ ವಾಲ್ವ್ (ವೇಗಕ್ಕೆ ತಕ್ಕಂತೆ ಹೊಗೆ ಹೊರಹೋಗುವ ದ್ವಾರವನ್ನು ಹಿಗ್ಗಿಸುವ ಕವಾಟ) ಮುಚ್ಚಿದಲ್ಲೇ ಸಿಕ್ಕಿಕೊಂಡಿರಬಹುದು. ತಯಾರಕರು ಹೇಳದ ಎಣ್ಣೆ ಹಾಕಿದಾಗ ಮಸಿ ಬೇಗ ಕಟ್ಟುತ್ತದೆ. ಒಂದು ಸಿಲಿಂಡರ್ ಮಿಸ್ಸಿಂಗ್ ಅನ್ನಿಸಿದರೆ ಪ್ಲಗ್ ತೆಗೆದು ನೋಡಿ, ಒದ್ದೆಯಾಗಿದ್ದರೆ ಅಲ್ಲಿ ಕಿಡಿ ಇಲ್ಲದಿರಬಹುದು. ಮೈಸೂರಿನ ಯೆಜ್ಡಿ ಕಾಲದ ಮೆಕ್ಯಾನಿಕ್‌ಗಳು ಪ್ಲಗ್ಗಿನ ಬಣ್ಣ ನೋಡಿಯೇ ಮಿಶ್ರಣ ಹೇಳುತ್ತಿದ್ದರು. ನೇರ ಇಂಜೆಕ್ಷನ್ ಎಂಜಿನ್ನಿನಲ್ಲಿ ಆ ವಿದ್ಯೆ ಪೂರ್ತಿ ನಡೆಯದು. ಕೆಲವು ಎಂಜಿನ್‌ಗಳಲ್ಲಿ ಪ್ಲಗ್ಗಿನ ಬಾಯಿ ನಿರ್ದಿಷ್ಟ ದಿಕ್ಕಿಗೇ ಇರಬೇಕು. ಬಿಚ್ಚುವ ಮೊದಲು ಗುರುತು ಹಾಕಿ. ಬಿಟ್ಟು ಬಿಟ್ಟು ಬರುವ ದೋಷಕ್ಕೆ ವೈರಿಂಗ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ.

ಇಷ್ಟರ ಮೇಲೆ ಪಿಸ್ಟನ್, ಇಂಜೆಕ್ಟರ್, ಟರ್ಬೊ, ಸಾಫ್ಟ್‌ವೇರ್ ಇವು ಡೀಲರ್ ಕೆಲಸ. ಹೋಗುವಾಗ ಕೋಡ್‌ಗಳ ಫೋಟೊ, ಪೂರ್ತಿ ಥ್ರಾಟಲ್‌ನ ವಿಡಿಯೊ, ಬಳಸಿದ ಪೆಟ್ರೋಲಿನ ರಸೀದಿ, ತುಂಡಾದ ಬೆಲ್ಟ್ ಎಲ್ಲವನ್ನೂ ಒಯ್ಯಿರಿ. ಬೇರೆ ಪೈಪ್, ಟ್ಯೂನರ್ ಹಾಕಿದ್ದರೆ ಮುಚ್ಚಿಡದೆ ಹೇಳಿ. ಅದಕ್ಕೂ ಮೊದಲು ನಿಮ್ಮ ಮಾದರಿಯ ಮೇಲೆ ರೀಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಯುವುದು) ಇದೆಯೇ ನೋಡಿಕೊಳ್ಳಿ: ಅಮೆರಿಕದಲ್ಲಿ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗದ ಪಟ್ಟಿಯಲ್ಲಿ, ಕೆನಡಾದಲ್ಲಿ ಟ್ರಾನ್ಸ್‌ಪೋರ್ಟ್ ಕೆನಡಾದ ಪಟ್ಟಿಯಲ್ಲಿ. ಇಂಧನ ಸೋರಿಕೆ ಅಥವಾ ಬೆಂಕಿಗೆ ಸಂಬಂಧಿಸಿದ ರೀಕಾಲ್ ಇದ್ದರೆ ಯಂತ್ರವನ್ನು ಓಡಿಸಿಕೊಂಡು ಹೋಗಬೇಡಿ, ಟ್ರೇಲರ್‌ನಲ್ಲಿ ಒಯ್ಯಿರಿ.