ಮನೆ ಲೈನೋ, ಬಿಸಿನೆಸ್ ಲೈನೋ: ಸಣ್ಣ ಗುಂಪಿನ ಫೋನ್ ಖರ್ಚನ್ನು ನಾನು ಲೆಕ್ಕ ಹಾಕುವ ರೀತಿ

ಐದಾರು ಜನರ ಕಚೇರಿಯಾಗಲಿ, ಸಂಘವಾಗಲಿ, ಫೋನ್ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ತಿಂಗಳ ಬಾಡಿಗೆ ಎಷ್ಟು ಅಂತ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಎಷ್ಟು ಲೈನ್ ಬೇಕು ಅನ್ನುವುದು ತಿಳಿಯದೆ ಮನೆ ಲೈನೋ, ಬಿಸಿನೆಸ್ ಲೈನೋ, ಯಾವುದು ಅಗ್ಗ ಅಂತ ಹೇಳಲು ಬರುವುದಿಲ್ಲ.

ಒಂದು ವಾರದ ಕಾಲ್ ಲಾಗ್ ತೆಗೆದು, ಅತಿ ಹೆಚ್ಚು ಮಾತು ನಡೆಯುವ ಗಂಟೆಯನ್ನು ಹುಡುಕಿ. ಬಂದ ಕರೆ, ಹೋದ ಕರೆ ಎರಡರ ನಿಮಿಷಗಳನ್ನೂ ಕೂಡಿಸಿ 60ರಿಂದ ಭಾಗಿಸಿ. ಬರುವ ಸಂಖ್ಯೆಯೇ ಎರ್ಲಾಂಗ್, ಅಂದರೆ ಫೋನಿನ ಮೇಲಿನ ಮಾತಿನ ಹೊರೆಯ ಅಳತೆ. ಆ ಗಂಟೆಯಲ್ಲಿ 30 ನಿಮಿಷ ಮಾತಿದ್ದರೆ 0.5 ಎರ್ಲಾಂಗ್. ಇದಕ್ಕೆ, ಎಷ್ಟು ಕರೆಗೆ ಲೈನ್ ಸಿಗದು ಎಂದು ಹೇಳುವ ಎರ್ಲಾಂಗ್-ಬಿ ಸೂತ್ರ ಹಾಕಿದರೆ, ಒಂದೇ ಲೈನ್ ಇದ್ದಾಗ ಶೇ. 33ರಷ್ಟು ಕರೆಗಳಿಗೆ ಎಂಗೇಜ್ ಸಿಗುತ್ತದೆ, ಎರಡಾದರೆ ಸುಮಾರು ಶೇ. 8, ಮೂರಾದರೆ ಶೇ. 1ಕ್ಕಿಂತ ಸ್ವಲ್ಪ ಹೆಚ್ಚು. ಪೂರ್ತಿ 60 ನಿಮಿಷ ಮಾತಿದ್ದರೆ ಎರಡು ಲೈನಿಗೆ ಶೇ. 20, ಮೂರಕ್ಕೆ ಸುಮಾರು ಶೇ. 6, ನಾಲ್ಕಕ್ಕೆ ಸುಮಾರು ಶೇ. 1.5. ಎಂಗೇಜ್ ಕೇಳಿ ವಾಪಸಾದವರು ಲಾಗ್‌ನಲ್ಲಿ ಕಾಣುವುದಿಲ್ಲ. ಹಾಗಾಗಿ ಈಗಾಗಲೇ ಲೈನ್ ಸಾಲದೆ ಒದ್ದಾಡುತ್ತಿರುವ ಗುಂಪಿನ ಲೆಕ್ಕ ಯಾವತ್ತೂ ಕಡಿಮೆಯೇ ಬರುತ್ತದೆ. ಇನ್ನೊಂದು ಲೈನ್ ಹೆಚ್ಚಿಗೆ ಹಿಡಿಯಿರಿ.

ಆಮೇಲೆ ಹಣ. ಒಂದು ಹಾಳೆಯಲ್ಲಿ ಮನೆ ಲೈನಿಗೊಂದು, ಬಿಸಿನೆಸ್ ಲೈನಿಗೊಂದು ಕಾಲಮ್ ಹಾಕಿ. ತಿಂಗಳಿಗಲ್ಲ, ಒಪ್ಪಂದದ ಪೂರ್ತಿ ಅವಧಿಗೆ, ಅಂದರೆ 24 ಅಥವಾ 36 ತಿಂಗಳಿಗೆ ಲೆಕ್ಕ ಹಾಕಿ. ಬಾಡಿಗೆ, ಜೋಡಣೆ ಶುಲ್ಕ, ಉಚಿತ ಮಿತಿ ದಾಟಿದ ಕರೆಗಳು, ತೆರಿಗೆ, ನಡುವೆ ಬಿಟ್ಟರೆ ಕಟ್ಟಬೇಕಾದ ದಂಡ ಎಲ್ಲವೂ ಬರಲಿ. ಠೇವಣಿ ವಾಪಸ್ ಬರುವುದಾದ್ದರಿಂದ ಅದನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಮನೆ ಪ್ಲಾನಿನ 'ಅನ್‌ಲಿಮಿಟೆಡ್' ಪದದ ಹಿಂದೆ ಬಹುತೇಕ ನ್ಯಾಯಯುತ ಬಳಕೆಯ ಮಿತಿ ಅಡಗಿರುತ್ತದೆ. ಕಚೇರಿ ಬಳಕೆ ಕೂಡದು ಎಂಬ ಷರತ್ತೂ ಅಲ್ಲೇ ಇರಬಹುದು. ಅದಿದ್ದರೆ ಮನೆ ಲೈನಿನ ಕಾಲಮ್ಮನ್ನು ಅಲ್ಲಿಗೇ ಹೊಡೆದುಹಾಕಿ. ಗೊತ್ತಾದ ದಿನ ಫೋನ್ ಕಂಪನಿಯವರು ಲೈನ್ ಕತ್ತರಿಸಬಹುದು, ಇಲ್ಲವೇ ದರ ಬದಲಿಸಬಹುದು.

ಅಗ್ಗವಾಗಿ ಕಾಣುವ ಮನೆ ಲೈನ್ ದುಬಾರಿಯಾಗುವುದು ಹೆಚ್ಚಾಗಿ, ಬಿಡುವಿರುವ ಲೈನಿಗೆ ಕರೆ ದಾಟಿಸುವ ಏರ್ಪಾಡಾದ ಹಂಟಿಂಗ್‌ನಲ್ಲಿ. ಬಿಸಿನೆಸ್ ಲೈನಿನಲ್ಲಿ ಮೊದಲ ನಂಬರ್ ಎಂಗೇಜ್ ಇದ್ದರೆ ಎಕ್ಸ್‌ಚೇಂಜೇ ಕರೆಯನ್ನು ಮುಂದಿನ ಲೈನಿಗೆ ಹಾಕುತ್ತದೆ. ಮನೆ ಲೈನಿಗೆ ಆ ಸೌಲಭ್ಯ ಸಿಗದಿದ್ದಾಗ 'ಬಿಜಿ ಇದ್ದರೆ ಫಾರ್ವರ್ಡ್' ಹಾಕಿ ಸುಧಾರಿಸುತ್ತಾರೆ. ಫಾರ್ವರ್ಡ್ ಆದ ಕರೆ ಮೊದಲ ಲೈನಿನ ಬಿಲ್ಲಿನಲ್ಲಿ ಹೊರಹೋದ ಕರೆಯಾಗಿ ಕೂರಬಹುದು. ಕೊನೆಯ ಲೈನಿನಿಂದ ಮತ್ತೆ ಮೊದಲನೆಯದಕ್ಕೆ ಫಾರ್ವರ್ಡ್ ಹಾಕಿದರಂತೂ ಕರೆ ಸುತ್ತು ಹೊಡೆದು ಕಡಿದುಹೋಗುತ್ತದೆ.

ಇನ್ನೊಂದು ತೊಂದರೆ ಇಪಿಎಬಿಎಕ್ಸ್ (ಹೊರಗಿನ ಲೈನುಗಳನ್ನು ಕಚೇರಿಯ ಹಲವು ಫೋನುಗಳಿಗೆ ಹಂಚುವ ಡಬ್ಬ) ಇಟ್ಟವರಿಗೆ ಮಾತ್ರ, ಆದರೆ ಕಾಡಿದರೆ ಚೆನ್ನಾಗಿ ಕಾಡುತ್ತದೆ. ಆಚೆಯವರು ಫೋನ್ ಇಟ್ಟದ್ದು ಡಬ್ಬಕ್ಕೆ ಗೊತ್ತಾಗಬೇಕಾದರೆ ಎಕ್ಸ್‌ಚೇಂಜ್ ಲೈನಿನ ಕರೆಂಟನ್ನು ಕ್ಷಣ ಕಡಿಯಬೇಕು, ಇಲ್ಲವೇ ಪೋಲಾರಿಟಿ (ಎರಡು ತಂತಿಗಳ ಪ್ಲಸ್-ಮೈನಸ್) ತಿರುಗಿಸಬೇಕು. ಮನೆ ಲೈನಿಗೆ ಈ ಸಂಕೇತವನ್ನು ಕೊಡದಿರುವುದುಂಟು. ರಿಸೀವರ್ ಹಿಡಿದ ಮನುಷ್ಯ ಟೋನ್ ಕೇಳಿ ತಾನೇ ಇಡುತ್ತಾನಲ್ಲ. ಕರೆಯನ್ನು ತಾನೇ ಎತ್ತಿ ಉತ್ತರಿಸುವ ಡಬ್ಬದ ಆಟೋ ಅಟೆಂಡೆಂಟ್‌ಗೆ ಆ ಜ್ಞಾನವಿಲ್ಲ, ಲೈನ್ ಹಿಡಿದೇ ಕೂರುತ್ತದೆ. ಬಂದ ಕರೆಯನ್ನು ಇನ್ನೊಂದು ಲೈನಿನ ಮೂಲಕ ಮೊಬೈಲಿಗೆ ದಾಟಿಸಿದ್ದರೆ ಎರಡೂ ಲೈನ್ ಸಿಕ್ಕಿಕೊಂಡು, ಹೊರಹೋದ ಕರೆಯ ಮೀಟರ್ ಓಡುತ್ತಲೇ ಇರುತ್ತದೆ. ಪರೀಕ್ಷೆ ಸುಲಭ: ಮೊಬೈಲಿನಿಂದ ಕರೆ ಮಾಡಿ, ಡಬ್ಬ ಎತ್ತಿದ ಮೇಲೆ ಕಟ್ ಮಾಡಿ, ಆ ಲೈನಿನ ದೀಪ ಯಾವಾಗ ಆರುತ್ತದೆ ನೋಡಿ. ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ, ನಿಮ್ಮ ಎಕ್ಸ್‌ಚೇಂಜಿನ ಬಿಜಿ ಟೋನ್ ಆವರ್ತನ ಮತ್ತು ಲಯವನ್ನು ಸೆಟ್ಟಿಂಗ್‌ನಲ್ಲಿ ತುಂಬಿ, ಜೊತೆಗೆ ಒಂದು ಕರೆಗೆ ಗರಿಷ್ಠ ಅವಧಿಯನ್ನೂ ಕಟ್ಟಿಹಾಕಿ.

ಮನೆ ಲೈನ್ ಯಾರೋ ಒಬ್ಬ ಸದಸ್ಯರ ಹೆಸರಿನಲ್ಲಿರುತ್ತದೆ. ಅವರು ಗುಂಪು ಬಿಟ್ಟರೆ ನಂಬರೂ ಅವರ ಜೊತೆ ಹೋಗುತ್ತದೆ. ಲೆಟರ್‌ಹೆಡ್ ಮೇಲೆ ಅಚ್ಚಾದ ನಂಬರಿಗೆ ಇದು ಸಲ್ಲದು. ರಿಪೇರಿಗೆ ಗಡುವು ಬರಹದಲ್ಲಿ ಸಿಗುವುದೂ ಸಾಮಾನ್ಯವಾಗಿ ಬಿಸಿನೆಸ್ ಒಪ್ಪಂದದಲ್ಲೇ.

ಮೂರಕ್ಕಿಂತ ಹೆಚ್ಚು ಲೈನ್ ಬೇಕೆಂದಾದರೆ ಈ ಎರಡರ ಜೊತೆಗೆ, ಇಂಟರ್ನೆಟ್ ಮೇಲಿನ ಐಪಿ ಫೋನಿನ ದರವನ್ನೂ ತರಿಸಿಕೊಳ್ಳಿ. ಅಲ್ಲಿ ಒಂದೇ ನಂಬರಿಗೆ ಹಲವು ಚಾನೆಲ್ (ಏಕಕಾಲಕ್ಕೆ ಅಷ್ಟು ಕರೆ), ಹಂಟಿಂಗ್ ಗೊಡವೆಯೇ ಇಲ್ಲ. ಧ್ವನಿಯನ್ನು ಡಿಜಿಟಲ್ ಆಗಿಸುವ ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಹೋಗಲು, ಬರಲು ತಲಾ ಸುಮಾರು 90 ಕೆಬಿಪಿಎಸ್ ಬೇಕು. ಅಪ್‌ಲೋಡ್ ವೇಗವನ್ನೇ ನೋಡಿ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದ 48 ವೋಲ್ಟ್ ಬರುವುದರಿಂದ ಸಾದಾ ಫೋನ್ ಕರೆಂಟ್ ಹೋದರೂ ನಡೆಯುತ್ತದೆ, ಐಪಿ ಫೋನ್ ನಡೆಯದು. ರೂಟರ್, ಮೋಡೆಮ್, ಫೋನ್‌ಗಳಿಗೆ ಯುಪಿಎಸ್ ಬೆಲೆಯನ್ನೂ ಅದೇ ಹಾಳೆಗೆ ಸೇರಿಸಿ. ಹಳೆಯ ನಂಬರನ್ನು ಹೊಸ ಕಂಪನಿಗೆ ಪೋರ್ಟ್ ಮಾಡಿಸಲು ಅವಕಾಶವಿದ್ದರೆ, ಅದು ಹೊಸ ಕಡೆ ರಿಂಗ್ ಆಗುವವರೆಗೆ ಹಳೆಯ ಕನೆಕ್ಷನ್ ರದ್ದು ಮಾಡಬೇಡಿ; ರದ್ದಾದ ನಂಬರನ್ನು ಸಾಮಾನ್ಯವಾಗಿ ಪೋರ್ಟ್ ಮಾಡಲು ಬರುವುದಿಲ್ಲ.