ಧಾರವಾಡದಲ್ಲೇ ಮನೆ ಮಾಡಿಕೊಂಡು ಹೊರದೇಶಕ್ಕೆ ಸಿನಿಮಾ ಮಾಡೋದು ಹೇಗೆ

ಸಿನಿಮಾ ಅಂದ್ರೆ ಬೆಂಗಳೂರಿಗೆ ಹೋಗು, ಹೊರದೇಶದ ಕೆಲಸ ಬೇಕಂದ್ರೆ ಮುಂಬೈ ಸೇರು ಅಂತ ನಮ್ಮ ಕಡೆ ಹುಡುಗರಿಗೆ ಎಲ್ಲರೂ ಹೇಳ್ತಾರೆ. ಬೇಕಿಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದ ‘ಶಿವಮ್ಮ’ ತೆಗೆದದ್ದು ಗದಗಿನ ಪಕ್ಕದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ. ಊರು ಅಡ್ಡ ಬರೋದಿಲ್ಲ. ಅಡ್ಡ ಬರೋದು ಕಾಗದಪತ್ರ, ಅದನ್ನ ಶೂಟಿಂಗ್ ಮೊದಲ ದಿನದಿಂದಲೇ ಸರಿಯಾಗಿ ಇಟ್ಟುಕೊಂಡವರ ಸಿನಿಮಾ ಮಾತ್ರ ದೇಶ ದಾಟುತ್ತೆ.

ಹಾಡಿನಿಂದ ಶುರು ಮಾಡೋಣ, ಯಾಕಂದ್ರೆ ಹೆಚ್ಚು ಸಿನಿಮಾಗಳು ಸಿಕ್ಕಿಬೀಳೋದು ಇಲ್ಲೇ. ಧಾರವಾಡದ ಲೈನ್ ಬಜಾರಿನ ಒಂದು ಚಾದಂಗಡಿಯಲ್ಲಿ ಸೀನ್ ಇಟ್ಟಿದ್ದೀರಿ ಅಂದುಕೊಳ್ಳಿ. ಮೂಲೆಯಲ್ಲಿ ಟಿವಿ, ಅದರಲ್ಲಿ ಹಳೇ ಸಿನಿಮಾ ಹಾಡು. ಕೇಳೋಕೆ ಚೆಂದ ಇರುತ್ತೆ, ಆದರೆ ಆ ಹಾಡಿನ ರೈಟ್ಸ್ ನಿಮ್ಮದಲ್ಲ, ನಾಳೆ ಫ್ರಾನ್ಸಿನ ಚಾನೆಲ್ಲು ಸಿನಿಮಾ ತಗೊಳ್ಳೋಕೆ ಬಂದಾಗ ಮೊದಲು ಕೇಳೋದೇ ಹಾಡಿನ ಪತ್ರ. ಮಾಲೀಕರಿಗೆ ಹೇಳಿ ಟಿವಿ ಆರಿಸಿ, ಫ್ಯಾನೂ ಆರಿಸಿ. ಸೀನ್ ಮುಗಿದ ಮೇಲೆ ಎಲ್ಲರನ್ನೂ ಸುಮ್ನೆ ನಿಲ್ಲಿಸಿ ಒಂದು ನಿಮಿಷ ಅಂಗಡಿಯ ಸದ್ದು ಮಾತ್ರ ರೆಕಾರ್ಡ್ ಮಾಡಿ: ಕಪ್ಪು-ಬಸಿ ಸದ್ದು, ಒಲೆ ಸದ್ದು, ಹೊರಗಿನ ಆಟೋ. ಬೇರೆ ಭಾಷೆಗೆ ಡಬ್ ಮಾಡೋರು ಮಾತಿಲ್ಲದ ಸೌಂಡ್ ಟ್ರ್ಯಾಕ್ ಬೇರೆಯಾಗಿ ಕೇಳ್ತಾರೆ, ಆಗ ಇದೇ ಕೈ ಹಿಡಿಯುತ್ತೆ.

ಹಾಗಾದ್ರೆ ಹಾಡೇ ಬೇಡವಾ? ಬೇಕು, ನಮ್ಮಲ್ಲಿ ಹಾಡಿಗೇನು ಬರ. ಶಿಶುನಾಳ ಶರೀಫಜ್ಜ ತೀರಿಕೊಂಡದ್ದು 1889ರಲ್ಲಿ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕು ಮುಗಿಯುತ್ತೆ, ಹಾಗಾಗಿ ಅವರ ಪದಗಳನ್ನು ಯಾರು ಬೇಕಾದರೂ ಬಳಸಬಹುದು. ಆದರೆ ಕ್ಯಾಸೆಟ್ಟಿನಲ್ಲಿ ಕೇಳಿ ಬಾಯಿಪಾಠ ಆಗಿರೋ ಧಾಟಿ ಒಬ್ಬ ಸಂಗೀತ ನಿರ್ದೇಶಕರದ್ದಾಗಿರಬಹುದು, ಆ ರೆಕಾರ್ಡಿಂಗ್ ಕಂಪನಿಯದ್ದಾಗಿರಬಹುದು. ಹಾವೇರಿ ಕಡೆಯ ಒಂದು ಭಜನಾ ಮೇಳದವರನ್ನ ಕೂರಿಸಿ, ಅವರ ಊರಿನ ಹಳೇ ಮಟ್ಟಿನಲ್ಲೇ ಹಾಡಿಸಿ, ನೀವೇ ರೆಕಾರ್ಡ್ ಮಾಡಿ. ಹಾಡಿದವರಿಗೆ ದುಡ್ಡು ಕೊಟ್ಟು ಕರಾರು ಪತ್ರ ಬರೆಸಿಕೊಳ್ಳಿ. ‘ಎಲ್ಲಾ ದೇಶ, ಎಲ್ಲಾ ಮಾಧ್ಯಮ’ ಅನ್ನೋದು ಅದರಲ್ಲಿ ಇರಲೇಬೇಕು. ಪತ್ರ ಕನ್ನಡದಲ್ಲೇ ಇರಲಿ, ಓದಿ ಹೇಳಿ ಸಹಿ ಹಾಕಿಸಿ, ಇಂಗ್ಲಿಷ್ ಪ್ರತಿ ಆಮೇಲೆ ಮಾಡಿಸಿದರಾಯ್ತು. ಅರ್ಥ ಆಗದ ಕಾಗದಕ್ಕೆ ಹಿರಿಯರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳೋದು ದೊಡ್ಡ ಅನ್ಯಾಯ, ದಯವಿಟ್ಟು ಮಾಡಬೇಡಿ. ಕ್ಯಾಮೆರಾ ಮುಂದೆ ಬಂದ ಪ್ರತಿಯೊಬ್ಬರಿಂದಲೂ ಇದೇ ಥರ ಒಪ್ಪಿಗೆ ಪತ್ರ ತಗೊಳ್ಳಿ.

ಥಿಯೇಟರಿಗೆ ಕಳಿಸೋ ಡಿಸಿಪಿ, ಅಂದ್ರೆ ಅಲ್ಲಿನ ಪ್ರೊಜೆಕ್ಟರಿಗೆ ಹಾಕೋ ಡಿಜಿಟಲ್ ಪ್ರತಿ, ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. ಹಾಗಾಗಿ 24ರಲ್ಲೇ ಶೂಟ್ ಮಾಡಿ, ಆದರೆ ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಮಿಣುಕದೇ ಇರಬೇಕಂದ್ರೆ ಕ್ಯಾಮೆರಾದ ಶಟರ್ 1/50 ಸೆಕೆಂಡಿಗೆ ಇಡಿ. ಡಿಸಿಪಿ ಮಾಡೋಕೆ ‘ಡಿಸಿಪಿ-ಓ-ಮ್ಯಾಟಿಕ್’ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು. ಸಬ್‌ಟೈಟಲ್ ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ 40 ಅಕ್ಷರದ ಆಸುಪಾಸು. ನಮ್ಮ ಮಂದಿ ಒಬ್ಬರ ಮೇಲೊಬ್ಬರು ಮಾತಾಡ್ತಾರಲ್ಲ, ಅದನ್ನೆಲ್ಲ ತುಂಬಿಸೋಕೆ ಹೋಗಬೇಡಿ. ಕನ್ನಡ ಬಾರದ ಒಬ್ಬರನ್ನ ಕೂರಿಸಿ ತೋರಿಸಿ, ಅವರು ಎಲ್ಲಿ ಮುಖ ನೋಡೋದು ಬಿಟ್ಟು ಅಕ್ಷರವನ್ನೇ ಓದ್ತಾ ಕೂತರೋ ಅಲ್ಲೆಲ್ಲ ಕತ್ತರಿ ಹಾಕಿ.

ಸಿನಿಮಾ ಮುಗಿದ ಖುಷಿಗೆ ಯೂಟ್ಯೂಬಿಗೆ ಹಾಕಬೇಡಿ. ಎಷ್ಟೋ ಉತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅಂತಾರೆ. ಪಾಸ್‌ವರ್ಡ್ ಹಾಕಿದ ಲಿಂಕ್ ಕಳಿಸಿ. ದೊಡ್ಡ ಉತ್ಸವಕ್ಕೆ ಮೊದಲು, ಉತ್ತರ ಬಂದ ಮೇಲೆ ಚಿಕ್ಕದಕ್ಕೆ. ಕಿರುಚಿತ್ರವಾದರೆ ಉದ್ದ ನೋಡಿಕೊಳ್ಳಿ, ಫ್ರಾನ್ಸಿನ ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷ ದಾಟೋ ಹಾಗಿಲ್ಲ. ಉತ್ಸವಗಳಿಗೆ ಸಿನಿಮಾ ಕಳಿಸೋ ವೆಬ್‌ಸೈಟ್ ಫಿಲ್ಮ್‌ಫ್ರೀವೇಯಲ್ಲಿ ಕಂಡ ಕಂಡ ಉತ್ಸವಕ್ಕೆಲ್ಲ ಫೀಸು ಕಟ್ಟಬೇಡಿ, ಹಿಂದಿನ ವರ್ಷ ಯಾವ ಸಿನಿಮಾ ತೋರಿಸಿದ್ದಾರೆ ನೋಡಿ.

ದುಡ್ಡಿನ ವಿಷಯ. ಪ್ರತಿ ವರ್ಷ ನವೆಂಬರಿನಲ್ಲಿ ಗೋವಾದಲ್ಲಿ ಎನ್‌ಎಫ್‌ಡಿಸಿಯ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ) ಫಿಲ್ಮ್ ಬಜಾರ್ ಆಗುತ್ತೆ, ಈಗ ಅದಕ್ಕೆ ವೇವ್ಸ್ ಫಿಲ್ಮ್ ಬಜಾರ್ ಅಂತಾರೆ, ಹೊರದೇಶದ ನಿರ್ಮಾಪಕರು, ಉತ್ಸವದವರು ಅಲ್ಲಿಗೆ ಬರ್ತಾರೆ. ಹುಬ್ಬಳ್ಳಿಯವರಿಗೆ ಲೋಂಡಾ ದಾಟಿದರೆ ಗೋವಾ, ಮುಂಬೈಯವರಿಗಿಂತ ನಮಗೇ ಹತ್ತಿರ ಅಲ್ವಾ! ಎರಡು ಪುಟದ ಕಥೆ, ಬಜೆಟ್, ಐದು ನಿಮಿಷದ ತುಣುಕು ಹಿಡಿದುಕೊಂಡು ಹೋಗಿ. ಹೊರದೇಶದ ಕೆಲವು ಫಂಡ್ ಬೇಕಂದ್ರೆ ಆ ದೇಶದ ಒಬ್ಬ ನಿರ್ಮಾಪಕರು ಜೊತೆಗಿರಬೇಕು, ಅಂಥವರ ಪರಿಚಯ ಆಗೋದು ಇಂಥ ಕಡೆಯಲ್ಲೇ. ಯಾರೇ ಅನುದಾನ ಕೊಡ್ತೀವಿ ಅಂದರೂ ಖಾತೆ ನಂಬರ್ ಕೊಡೋ ಮೊದಲು ಸಿಎ ಹತ್ತಿರ ಹೋಗಿ, ಕೆಲಸದ ಸಂಬಳಕ್ಕೂ ದೇಣಿಗೆಗೂ ಕಾನೂನು ಬೇರೆ ಬೇರೆ.

ಒಂದು ಸಿನಿಮಾ ಮುಗಿದು ಇನ್ನೊಂದು ಶುರುವಾಗೋವರೆಗೆ ಮನೆ ನಡೆಯೋದು, ಇಲ್ಲಿಗೆ ಶೂಟ್ ಮಾಡೋಕೆ ಬರೋ ಹೊರದೇಶದ ತಂಡಗಳಿಗೆ ಮಾಡಿಕೊಡೋ ಕೆಲಸದಿಂದ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗೋ ರಾಷ್ಟ್ರಧ್ವಜ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರೋ ಹೆಬ್ಬಾತು, ಇವನ್ನೆಲ್ಲ ತೆಗೆಯೋಕೆ ಜಾಗ ಗೊತ್ತಿರೋರು, ಭಾಷೆ ಬರೋರು ಬೇಕೇ ಬೇಕು. ಆದರೆ ಟೂರಿಸ್ಟ್ ವೀಸಾದಲ್ಲಿ ಬಂದು ಶೂಟ್ ಮಾಡ್ತೀವಿ ಅನ್ನೋರಿಗೆ ಕೈ ಮುಗಿದುಬಿಡಿ. ಜಿಎಸ್‌ಟಿ ನೋಂದಣಿ ಇದ್ದರೆ ವರ್ಷ ವರ್ಷ ಎಲ್‌ಯುಟಿ (ತೆರಿಗೆ ಕಟ್ಟದೇ ರಫ್ತು ಮಾಡೋಕೆ ಕೊಡೋ ಮುಚ್ಚಳಿಕೆ ಪತ್ರ) ಹಾಕಿಡಿ, ಆಗ ಹೊರದೇಶದ ಬಿಲ್ಲಿಗೆ ತೆರಿಗೆ ಸೇರಿಸಬೇಕಿಲ್ಲ.

ನೀವೇ ಕ್ಯಾಮೆರಾ ಹೊತ್ತು ಹೊರಗೆ ಹೋಗೋದಾದರೆ ಫಿಕ್ಕಿ (ದೇಶದ ವಾಣಿಜ್ಯ, ಕೈಗಾರಿಕಾ ಮಂಡಳಿಗಳ ಒಕ್ಕೂಟ) ಕೊಡೋ ಎಟಿಎ ಕಾರ್ನೆಟ್ ಮಾಡಿಸಿ. ಬಾಡಿ, ಲೆನ್ಸು, ಮೈಕು ಎಲ್ಲದರ ಸೀರಿಯಲ್ ನಂಬರ್ ಬರೆದ ಪಟ್ಟಿ ಅದು, ಗರಿಷ್ಠ ಒಂದು ವರ್ಷ ನಡೆಯುತ್ತೆ, ಅದನ್ನು ಒಪ್ಪೋ ದೇಶಗಳಲ್ಲಿ ಸಾಮಾನಿಗೆ ಸುಂಕ ಕಟ್ಟಬೇಕಿಲ್ಲ. ಹೋಗುವಾಗ, ಅಲ್ಲಿ ಇಳಿದಾಗ, ಅಲ್ಲಿಂದ ಹೊರಟಾಗ, ಮತ್ತೆ ಇಲ್ಲಿ ಇಳಿದಾಗ, ನಾಲ್ಕು ಕಡೆಯೂ ಕಸ್ಟಮ್ಸ್ ಸೀಲ್ ಬಿದ್ದಿದೆಯಾ ನೋಡಿಕೊಂಡೇ ಮುಂದೆ ನಡೀರಿ.